1968–72ರ ಶೆವೆಲ್‌ಗೆ ಹೊಸ ಎಂಜಿನ್: ಯಾವುದನ್ನು, ಯಾವ ಲೆಕ್ಕದಲ್ಲಿ ಆರಿಸಬೇಕು

ಹಳೆಯ ಅಮೆರಿಕನ್ ಕಾರಿಗೆ ಹೊಸ ಎಂಜಿನ್ ಕೂರಿಸಬೇಕೆಂದು ಹೊರಟವರಲ್ಲಿ ಹೆಚ್ಚಿನವರು ತಯಾರಕರ ಪಟ್ಟಿಯಲ್ಲಿರುವ ಅಶ್ವಶಕ್ತಿಯ ಅಂಕಿಯನ್ನು ನೋಡಿ ಆಯ್ಕೆ ಆರಂಭಿಸುತ್ತಾರೆ. ಕಾರಿನ ಗೇರ್‌ಬಾಕ್ಸ್, ಇಂಧನ ಟ್ಯಾಂಕ್, ವೈರಿಂಗ್, ಬ್ರೇಕ್ ಇವೆಲ್ಲ ಆ ಎಂಜಿನ್ನಿಗೆ ಒಗ್ಗುತ್ತವೆಯೇ ಎಂಬ ಪ್ರಶ್ನೆ ಹಣ ಕೊಟ್ಟ ಮೇಲೆ ಏಳುತ್ತದೆ. ಈ ಕ್ರಮವನ್ನು ತಿರುಗಿಸಿಕೊಳ್ಳಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಕಾರನ್ನು ಯಾವ ರಸ್ತೆಯಲ್ಲಿ, ಎಷ್ಟು ದೂರ, ಎಷ್ಟು ಬಾರಿ ಓಡಿಸುತ್ತೀರಿ ಎಂಬುದನ್ನು ಮೊದಲು ತೀರ್ಮಾನಿಸಿ, ಅದಕ್ಕೆ ತಕ್ಕ ಗೇರ್‌ಬಾಕ್ಸ್ ಯಾವುದೆಂದು ನೋಡಿ, ಆಮೇಲೆ ಎಂಜಿನ್ನಿಗೆ ಬಂದರೆ ಆಯ್ಕೆ ತಾನಾಗಿಯೇ ಎರಡು ಮೂರಕ್ಕೆ ಇಳಿಯುತ್ತದೆ.

ಎಲ್ಲ ಹಳೆಯ ಕಾರುಗಳಿಗೂ ಒಂದೇ ಉತ್ತರವಿಲ್ಲದಿರುವುದರಿಂದ ಇಲ್ಲಿ ಒಂದೇ ಕಾರನ್ನು ಹಿಡಿದು ಮಾತನಾಡುತ್ತೇನೆ. ಅದು 1968ರಿಂದ 1972ರವರೆಗೆ ತಯಾರಾದ ಶೆವರ್ಲೆ ಶೆವೆಲ್ ಮಾಲಿಬು. ಇವುಗಳಲ್ಲಿ ಬಹಳಷ್ಟು ಕಾರುಗಳು 307 ಘನ ಇಂಚಿನ ವಿ8 ಎಂಜಿನ್ ಮತ್ತು ಎರಡೇ ಗೇರುಗಳ ಪವರ್‌ಗ್ಲೈಡ್ ಆಟೊಮ್ಯಾಟಿಕ್ ಜೊತೆಗೆ ಮಾರಾಟವಾದವು. ಬಾಡಿಯಿಂದ ಬೇರೆಯಾದ ಗಟ್ಟಿ ಚಾಸಿ, ಅಗಲವಾದ ಎಂಜಿನ್ ಕೋಣೆ, ಇಂದಿಗೂ ಹೊಸದಾಗಿ ಸಿಗುವ ಬಿಡಿಭಾಗಗಳು, ಈ ಮೂರು ಕಾರಣಗಳಿಂದ ಎಂಜಿನ್ ಬದಲಾವಣೆಗೆ ಇದಕ್ಕಿಂತ ಅನುಕೂಲವಾದ ಕಾರು ಸಿಗುವುದು ಕಷ್ಟ. ಹೋಲಿಕೆಗಾಗಿ ಅದೇ ಕಾಲದ ಫೋರ್ಡ್ ಮಸ್ಟಾಂಗ್ ನೋಡಿ. ಅದರ ಎಂಜಿನ್ ಕೋಣೆಯೊಳಕ್ಕೆ ಎರಡೂ ಬದಿಯಿಂದ ಶಾಕ್ ಟವರ್‌ಗಳು, ಅಂದರೆ ಶಾಕ್ ಅಬ್ಸಾರ್ಬರ್ ಹಿಡಿದಿಡುವ ಲೋಹದ ಗೋಪುರಗಳು, ಚಾಚಿಕೊಂಡಿವೆ. ಫೋರ್ಡ್‌ನ ಇಂದಿನ 5 ಲೀಟರ್ ಕೊಯೋಟಿ ಎಂಜಿನ್ನಿನಲ್ಲಿ ಪ್ರತಿ ಬದಿಗೂ ಎರಡೆರಡು ಕ್ಯಾಮ್‌ಶಾಫ್ಟ್‌ಗಳು (ವಾಲ್ವ್‌ಗಳನ್ನು ತೆರೆಯುವ ದಂಡಗಳು) ಸಿಲಿಂಡರ್ ಹೆಡ್‌ನ ಮೇಲೆಯೇ ಇರುವುದರಿಂದ ಅದು ತುಂಬ ಅಗಲ. ಅದನ್ನು 1965–66ರ ಮಸ್ಟಾಂಗ್‌ನಲ್ಲಿ ಕೂರಿಸಬೇಕಾದರೆ ಸಾಮಾನ್ಯವಾಗಿ ಟವರ್‌ಗಳನ್ನು ಕತ್ತರಿಸಿ, ಮುಂಭಾಗದ ಸಸ್ಪೆನ್ಷನ್ ಅನ್ನೇ ಬದಲಿಸಬೇಕಾಗುತ್ತದೆ. ಶೆವೆಲ್‌ನಲ್ಲಿ ಅಂಥ ಕತ್ತರಿಕೆಯ ಅಗತ್ಯ ಬರುವುದಿಲ್ಲ.

ತೆಗೆಯಬೇಕೇ ಎಂಬ ಮೊದಲ ಪ್ರಶ್ನೆ

ನಿಮ್ಮ ಶೆವೆಲ್ ನಿಜವಾದ ಎಸ್‌ಎಸ್ (ಸೂಪರ್ ಸ್ಪೋರ್ಟ್ ಎಂಬ ಹೆಚ್ಚು ಬಲದ ಮಾದರಿ) ಆಗಿದ್ದರೆ, ಅದರ ಮೂಲ ಎಂಜಿನ್ ಇನ್ನೂ ಕಾರಿನಲ್ಲೇ ಇದ್ದರೆ, ಹೊಸ ಎಂಜಿನ್ನಿನ ಯೋಚನೆಯನ್ನು ಬಿಡಿ. 1968ರವರೆಗೆ ಎಸ್‌ಎಸ್ 396 ಪ್ರತ್ಯೇಕ ಶ್ರೇಣಿಯಾಗಿದ್ದುದರಿಂದ ಕಾರಿನ ಗುರುತು ಸಂಖ್ಯೆ 138 ಎಂದು ಆರಂಭವಾಗುತ್ತದೆ. ಆ ಸಂಖ್ಯೆಯೊಂದೇ ಸಾಕ್ಷಿ ಹೇಳುತ್ತದೆ. 1969ರಿಂದ ಎಸ್‌ಎಸ್ ಎಂಬುದು ಹೆಚ್ಚುವರಿ ಹಣ ಕೊಟ್ಟು ಪಡೆಯುವ ಪ್ಯಾಕೇಜ್ ಆಯಿತು. ಹೀಗಾಗಿ 1969–72ರ ಕಾರುಗಳಲ್ಲಿ ಎಸ್‌ಎಸ್ ಹೌದೇ ಅಲ್ಲವೇ ಎಂಬುದು ಗುರುತು ಸಂಖ್ಯೆಯಿಂದ ಸಾಮಾನ್ಯವಾಗಿ ತಿಳಿಯದು. ಮೂಲ ಎಂಜಿನ್ನಿನ ಮೇಲೆ ಒತ್ತಿರುವ ಸಂಖ್ಯೆ, ಕಾರ್ಖಾನೆಯ ಬಿಲ್ಡ್ ಶೀಟ್ ಮುಂತಾದ ಕಾಗದಗಳೇ ಆಧಾರ. ಅಂಥ ಕಾರಿನಿಂದ ಎಂಜಿನ್ ಬೇರ್ಪಟ್ಟರೆ ಅದರ ಚರಿತ್ರೆಯ ಒಂದು ಪುರಾವೆಯೇ ಕಳೆದುಹೋಗುತ್ತದೆ. ಸವೆದ ಮೂಲ ಎಂಜಿನ್ನನ್ನು ಬೋರ್ ಮಾಡಿಸಿ, ಹೊಸ ಪಿಸ್ಟನ್ ಮತ್ತು ಬೇರಿಂಗ್ ಹಾಕಿಸಿ, ಒಳ್ಳೆಯ ಮೆಷಿನ್ ಶಾಪ್‌ನಲ್ಲಿ ಪುನಃ ಕಟ್ಟಿಸುವುದೇ ಅಲ್ಲಿ ಸರಿಯಾದ ದಾರಿ, ಅದರ ಖರ್ಚು ಹೊಸ ಎಂಜಿನ್ನಿನಷ್ಟೇ ಬಂದರೂ ಸರಿ.

307 ಇರುವ ಸಾಮಾನ್ಯ ಮಾಲಿಬುವಿನ ವಿಷಯ ಬೇರೆ. ಆ ಎಂಜಿನ್ ಸಂಗ್ರಾಹಕರನ್ನು ಸೆಳೆಯುವುದಿಲ್ಲ. ಅದನ್ನು ಪುನಃ ಕಟ್ಟಿಸಿದರೂ ಅದು ಸಾಧುವಾದ 307 ಆಗಿಯೇ ಉಳಿಯುತ್ತದೆ. ಇಲ್ಲಿ ಬದಲಾವಣೆಗೆ ಯಾವ ಸಂಕೋಚವೂ ಬೇಡ. ಆದರೂ ಹಳೆಯದನ್ನು ಗುಜರಿಗೆ ಹಾಕದೆ ಎಣ್ಣೆ ಹಚ್ಚಿ, ಸುತ್ತಿ, ಒಂದು ಮೂಲೆಯಲ್ಲಿ ಇಟ್ಟುಕೊಳ್ಳಿ. ಮುಂದೆ ಕಾರನ್ನು ಕೊಳ್ಳುವವರಿಗೆ ಅದು ಬೇಕಾಗಬಹುದು.

ಅಶ್ವಶಕ್ತಿಯ ಅಂಕಿಯನ್ನು ಓದುವ ಬಗೆ

307ರ ಮೇಲೆ 200 ಅಶ್ವಶಕ್ತಿ ಎಂದು ಬರೆದಿದ್ದರು. ಇಂದಿನ ಯಾವುದೇ ಎಂಜಿನ್ನಿನೊಂದಿಗೆ ಆ ಅಂಕಿಯನ್ನು ನೇರವಾಗಿ ಹೋಲಿಸಬಾರದು. 1971ರವರೆಗೆ ಅಮೆರಿಕದಲ್ಲಿ ಪ್ರಕಟವಾಗುತ್ತಿದ್ದುದು ಒಟ್ಟು ಅಶ್ವಶಕ್ತಿ. ಅಂದರೆ ಏರ್ ಫಿಲ್ಟರ್, ಸೈಲೆನ್ಸರ್, ಆಲ್ಟರ್ನೇಟರ್ ಮುಂತಾದ ಹೊರೆಗಳಿಲ್ಲದೆ ಬರಿಯ ಎಂಜಿನ್ನನ್ನು ಪರೀಕ್ಷಾ ಪೀಠದಲ್ಲಿ ಓಡಿಸಿ ಪಡೆದ ಅಂಕಿ. 1972ರಿಂದ, ಎಲ್ಲ ಸಲಕರಣೆ ಜೋಡಿಸಿ ಅಳೆದ ನಿವ್ವಳ ಅಂಕಿ ಬಂತು. ಕಾರ್ವೆಟ್‌ನ ಮೂಲ 350 ಎಂಜಿನ್ 1971ರಲ್ಲಿ 270 ಅಶ್ವಶಕ್ತಿಯದ್ದು, 1972ರಲ್ಲಿ 200ರದ್ದು ಎಂದು ಪಟ್ಟಿಯಾಗಿರುವುದಕ್ಕೆ ಮುಖ್ಯ ಕಾರಣ ಈ ಅಳತೆಯ ಬದಲಾವಣೆಯೇ. ಇದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಒಂದು ವಿಷಯ ಸ್ಪಷ್ಟವಾಗುತ್ತದೆ. ಇಂದು ಮಾರುವ ಅತಿ ಸಾಮಾನ್ಯ ಹೊಸ ಎಂಜಿನ್ ಕೂಡ ನಿಮ್ಮ 307ಕ್ಕಿಂತ ಬಹಳ ಬಲವಾದದ್ದು, ಹಾಗಾಗಿ ಕೇವಲ ಬಲಕ್ಕಾಗಿ ಅತಿ ದುಬಾರಿಯದರ ಬೆನ್ನು ಹತ್ತಬೇಕಾಗಿಲ್ಲ.

ಹಳೆಯ ವಂಶದ 350

ಶೆವರ್ಲೆಯ ಸ್ಮಾಲ್ ಬ್ಲಾಕ್ ವಿ8 ಹುಟ್ಟಿದ್ದು 1955ರಲ್ಲಿ. ಅದರ 350 ಘನ ಇಂಚಿನ ರೂಪ, ಅಂದರೆ 5.7 ಲೀಟರ್, 1967ರ ಕಮಾರೊ ಜೊತೆ ಬಂತು. 307 ಇದೇ ವಂಶದ್ದು. ಹೀಗಾಗಿ 350 ಕ್ರೇಟ್ ಎಂಜಿನ್, ಅಂದರೆ ಪೂರ್ತಿ ಜೋಡಿಸಿ ಪೆಟ್ಟಿಗೆಯಲ್ಲಿ ಮಾರುವ ಹೊಸ ಎಂಜಿನ್, ನಿಮ್ಮ ಕಾರಿನ ಅದೇ ಮೌಂಟ್‌ಗಳ ಮೇಲೆ, ಅದೇ ಗೇರ್‌ಬಾಕ್ಸ್‌ನ ಮುಂದೆ ಕೂರುತ್ತದೆ. ಇದಕ್ಕಿಂತ ದೊಡ್ಡ ಅನುಕೂಲ ಇನ್ನೊಂದಿಲ್ಲ. ಒಂದು ಎಂಜಿನ್ ಕ್ರೇನ್, ಒಳ್ಳೆಯ ಪಾನಾ ಸೆಟ್ಟು, ನೆರವಿಗೆ ಒಬ್ಬರು ಇದ್ದರೆ ಮನೆಯ ಗರಾಜಿನಲ್ಲಿ ಮುಗಿಯುವ ಕೆಲಸವಿದು.

ಆದರೆ 350 ಎಂಬ ಒಂದೇ ಹೆಸರಿನಡಿ ಸಿಗುವ ಎಂಜಿನ್‌ಗಳು ಒಂದೇ ತರಹದವಲ್ಲ. ಬಹುಕಾಲದಿಂದ ಹೆಸರಾಗಿರುವ 290 ಅಶ್ವಶಕ್ತಿಯ ಅಗ್ಗದ ಎಂಜಿನ್ನಿನಲ್ಲಿ ಹಳೆಯ ಮಾದರಿಯ, ಕ್ಯಾಮ್ ಮೇಲೆ ಉಜ್ಜುತ್ತ ಸಾಗುವ ಚಪ್ಪಟೆ ಟ್ಯಾಪೆಟ್‌ನ ಕ್ಯಾಮ್‌ಶಾಫ್ಟ್ ಇದೆ. ಇಂಥ ಕ್ಯಾಮ್ ಮೊದಲ ಅರ್ಧ ಗಂಟೆಯಲ್ಲೇ ಉಳಿಯುತ್ತದೆ ಅಥವಾ ಹಾಳಾಗುತ್ತದೆ. ಮೊದಲ ಬಾರಿ ಚಾಲೂ ಮಾಡಿದೊಡನೆ ಐಡ್ಲಿಂಗ್‌ಗೆ ಬಿಡದೆ ನಿಮಿಷಕ್ಕೆ ಸುಮಾರು 2,000 ಸುತ್ತುಗಳಲ್ಲಿ ಇಪ್ಪತ್ತು ಮೂವತ್ತು ನಿಮಿಷ ಓಡಿಸಬೇಕು. ಸತು ಮತ್ತು ರಂಜಕದ ಅಂಶ ಹೆಚ್ಚಿರುವ ಎಣ್ಣೆಯನ್ನೇ ಹಾಕಬೇಕು, ಆಮೇಲೂ ಅಂಥದ್ದನ್ನೇ ಮುಂದುವರಿಸಬೇಕು. ಇಂದಿನ ಕಾರುಗಳಿಗಾಗಿ ಮಾರುವ ಸಾಮಾನ್ಯ ಎಣ್ಣೆಯಲ್ಲಿ ಈ ಅಂಶ ಕಡಿಮೆ. ರೋಲರ್ ಟ್ಯಾಪೆಟ್ ಇರುವ ಎಂಜಿನ್‌ಗೆ ಈ ತಾಪತ್ರಯವಿಲ್ಲ. ಆದ್ದರಿಂದ ಬೆಲೆಯಲ್ಲಿ ಉಳಿಸಬೇಕೆಂದು ಅಗ್ಗದ್ದಕ್ಕೆ ಇಳಿಯುವ ಬದಲು, 357 ಅಶ್ವಶಕ್ತಿಯ ಎಸ್‌ಪಿ350 ಅಥವಾ ಅಲ್ಯೂಮಿನಿಯಂ ಹೆಡ್‌ಗಳಿರುವ, 405 ಅಶ್ವಶಕ್ತಿಯ ಝಡ್‌ಝಡ್6 ಎಂಬ ರೋಲರ್ ಎಂಜಿನ್‌ಗಳಲ್ಲಿ ಒಂದನ್ನು ನೋಡುವುದು ಮೇಲು. ನಗರದಲ್ಲಿ, ಕುಟುಂಬದವರನ್ನು ಕೂರಿಸಿಕೊಂಡು, ಏಸಿ ಹಾಕಿಕೊಂಡು ಓಡಿಸುವವರಿಗೆ ಎಸ್‌ಪಿ350 ಹೆಚ್ಚು ಹೊಂದುತ್ತದೆ. ಝಡ್‌ಝಡ್6ರ ಕ್ಯಾಮ್ ಮೇಲಿನ ಸುತ್ತುಗಳಿಗಾಗಿ ಕಡೆದದ್ದು, ಐಡ್ಲಿಂಗ್‌ನಲ್ಲಿ ಅದರ ತುಡಿತ ಕೇಳಿಸುತ್ತದೆ, ಪ್ರೀಮಿಯಂ ಪೆಟ್ರೋಲನ್ನೇ ಬಯಸುತ್ತದೆ.

ನೇರವಾಗಿ ಕೂರುವ ಎಂಜಿನ್ ಎಂದರೂ ಕೆಲವು ಎಡವುಕಲ್ಲುಗಳಿವೆ. 1986ರ ನಂತರದ ವಿನ್ಯಾಸದ ಬ್ಲಾಕ್‌ಗಳಲ್ಲಿ ಹಿಂಬದಿಯ ಎಣ್ಣೆಯ ಸೀಲ್ ಒಂದೇ ತುಂಡಿನದು. ನಿಮ್ಮ 307ರಲ್ಲಿ ಎರಡು ತುಂಡಿನದು. ಕ್ರ್ಯಾಂಕ್‌ನ ಹಿಂದಿನ ಬೋಲ್ಟ್‌ಗಳ ವೃತ್ತವೂ ತೂಕದ ಸಮತೋಲನವೂ ಬೇರೆಯಾದುದರಿಂದ ಎಂಜಿನ್ ಮತ್ತು ಗೇರ್‌ಬಾಕ್ಸ್ ನಡುವೆ ಕೂರುವ ಹಳೆಯ ಫ್ಲೆಕ್ಸ್‌ಪ್ಲೇಟ್ ಅಥವಾ ಫ್ಲೈವೀಲ್ ಅದಕ್ಕೆ ಆಗುವುದಿಲ್ಲ. ಎಂಜಿನ್ ಜೊತೆಗೆ ಹೊಸದನ್ನೇ ತರಿಸಬೇಕು. ಎಸ್‌ಪಿ350ರ ವೋರ್ಟೆಕ್ ಹೆಡ್‌ಗಳಿಗೆ ಇನ್‌ಟೇಕ್ ಮ್ಯಾನಿಫೋಲ್ಡ್‌ನ ಬೋಲ್ಟ್‌ಗಳ ಜಾಗವೇ ಬೇರೆ, ಹೀಗಾಗಿ 307ರ ಮ್ಯಾನಿಫೋಲ್ಡ್ ಕೂಡ ಶೆಲ್ಫಿಗೆ ಹೋಗುತ್ತದೆ. ಆಯಿಲ್ ಡಿಪ್‌ಸ್ಟಿಕ್ ಯಾವ ಬದಿಗಿದೆ, ಯಾಂತ್ರಿಕ ಇಂಧನ ಪಂಪ್ ಕೂರಿಸಲು ಬ್ಲಾಕ್‌ನಲ್ಲಿ ಜಾಗ ಕೊರೆದಿದೆಯೇ, ಇವನ್ನು ಹಣ ಕೊಡುವ ಮುನ್ನ ಕೇಳಿ ತಿಳಿದುಕೊಳ್ಳಿ.

ಈ ಎಂಜಿನ್ನಿಗೆ ಕಾರ್ಬ್ಯುರೇಟರ್ ಸಾಕೇ, ಫ್ಯುಯೆಲ್ ಇಂಜೆಕ್ಷನ್ ಬೇಕೇ? ಸಮುದ್ರಮಟ್ಟಕ್ಕೆ ಹತ್ತಿರವಿರುವ ಊರಿನಲ್ಲಿ, ವಾರಕ್ಕೊಮ್ಮೆ, ಬಿಸಿಲಿರುವ ದಿನ ಓಡಿಸುವವರಿಗೆ ಚೆನ್ನಾಗಿ ಟ್ಯೂನ್ ಮಾಡಿದ ಕಾರ್ಬ್ಯುರೇಟರ್ ಸಾಕೇ ಸಾಕು. ಆದರೆ ಸುಮಾರು 1,600 ಮೀಟರ್ ಎತ್ತರದ ಡೆನ್ವರ್‌ನಂಥ ಊರಿನಿಂದ ಬೆಟ್ಟಗಳನ್ನೇರಿ ಮತ್ತೆ ಬಯಲಿಗಿಳಿಯುವವರಿಗೆ ಪ್ರತಿ ಎತ್ತರಕ್ಕೂ ಕಾರ್ಬ್ಯುರೇಟರ್‌ನ ಜೆಟ್ (ಇಂಧನದ ಹರಿವನ್ನು ಅಳೆಯುವ ರಂಧ್ರದ ತುಂಡು) ಬದಲಿಸುವ ಪಾಡು. ಅಮೆರಿಕದ ಬಂಕುಗಳಲ್ಲಿ ಸಾಮಾನ್ಯವಾದ, 10 ಪ್ರತಿಶತ ಎಥನಾಲ್ ಬೆರೆತ ಪೆಟ್ರೋಲ್, ಬೇಸಿಗೆಯಲ್ಲಿ ಬಿಸಿ ಎಂಜಿನ್ ನಿಲ್ಲಿಸಿದ ಮೇಲೆ ಕಾರ್ಬ್ಯುರೇಟರ್‌ನಲ್ಲೇ ಕುದಿದು ಮತ್ತೆ ಚಾಲೂ ಆಗಲು ಕಾಡಿಸುವುದೂ ಉಂಟು. ಅಂಥವರಿಗೆ ನಡುವಿನ ಒಂದು ದಾರಿಯಿದೆ: ಕಾರ್ಬ್ಯುರೇಟರ್ ಇದ್ದ ಜಾಗದಲ್ಲೇ ಬೋಲ್ಟ್ ಮಾಡುವ ಥ್ರಾಟಲ್ ಬಾಡಿ ಇಂಜೆಕ್ಷನ್. ಹಾಲಿ (Holley) ಕಂಪನಿಯ ಸ್ನೈಪರ್, ಫೈಟೆಕ್ ಮುಂತಾದ ಹೆಸರುಗಳಲ್ಲಿ ಇವು ಸಿಗುತ್ತವೆ. ಸೈಲೆನ್ಸರ್ ಕೊಳವೆಗೆ ಕೂರಿಸಿದ ಆಮ್ಲಜನಕದ ಸೆನ್ಸರ್ ನೋಡಿಕೊಂಡು ಇಂಧನದ ಪ್ರಮಾಣವನ್ನು ತಾವೇ ಹೊಂದಿಸಿಕೊಳ್ಳುತ್ತವೆ.

ಆದರೆ ಇಲ್ಲಿಗೆ ಖರ್ಚಿನ ಸ್ವರೂಪವೇ ಬದಲಾಗುತ್ತದೆ. ಕಾರ್ಬ್ಯುರೇಟರ್‌ಗೆ 5ರಿಂದ 7 ಪಿಎಸ್‌ಐ ಒತ್ತಡ ಸಾಕು. ಇಂಜೆಕ್ಷನ್‌ಗೆ 58ರ ಆಸುಪಾಸು ಬೇಕು. ಹಾಗಾಗಿ ವಿದ್ಯುತ್ ಪಂಪ್, ಒತ್ತಡ ತಾಳುವ ಕೊಳವೆ, ಹಿಂದಿರುಗುವ ಲೈನ್, ರೆಗ್ಯುಲೇಟರ್ ಎಲ್ಲವೂ ಹೊಸದಾಗಬೇಕು. ಹಳೆಯ ಟ್ಯಾಂಕಿನಲ್ಲಿ ಪೆಟ್ರೋಲನ್ನು ಪಂಪ್‌ನ ಬಾಯಿಯ ಬಳಿ ಹಿಡಿದಿಡುವ ಒಳಗೋಡೆಗಳಿಲ್ಲ. ಕಾಲು ಟ್ಯಾಂಕಿನಷ್ಟೇ ಇಂಧನವಿದ್ದಾಗ ಜೋರಾಗಿ ತಿರುವು ತೆಗೆದುಕೊಂಡರೆ ಪಂಪ್ ಗಾಳಿ ಹೀರುತ್ತದೆ. ಕಾರ್ಬ್ಯುರೇಟರ್‌ನ ಬಟ್ಟಲಿನಲ್ಲಿ ಸ್ವಲ್ಪ ಇಂಧನ ಸದಾ ಇರುವುದರಿಂದ ಅದು ಚಾಲಕನಿಗೆ ಗೊತ್ತಾಗುತ್ತಿರಲಿಲ್ಲ. ಇಂಜೆಕ್ಷನ್ ಎಂಜಿನ್ ಮಾತ್ರ ಆ ಕ್ಷಣಕ್ಕೆ ಮುಗ್ಗರಿಸುತ್ತದೆ. ಪಂಪ್ ಒಳಗೇ ಕೂತಿರುವ, ಶೆವೆಲ್‌ಗೆಂದೇ ತಯಾರಾದ ಹೊಸ ಟ್ಯಾಂಕ್ ಕೊಳ್ಳುವುದೇ ಇದಕ್ಕೆ ಸರಿಯಾದ ಪರಿಹಾರ. ಹೊರಗೆ ಚಾಸಿಗೆ ಕಟ್ಟಿದ ಪಂಪ್ ಅಗ್ಗವಾದರೂ ಸದ್ದು ಮಾಡುತ್ತದೆ, ಬಿಸಿಯಾಗುತ್ತದೆ, ಬೇಗ ಸೋಲುತ್ತದೆ. ಒಮ್ಮೆ ಟ್ಯಾಂಕಿಗೂ ಕೊಳವೆಗೂ ಖರ್ಚು ಮಾಡಿದಿರೆಂದರೆ ಮುಂದಿನ ಆಯ್ಕೆಯಾದ ಎಲ್‌ಎಸ್3ಕ್ಕೂ ನಿಮಗೂ ಇದ್ದ ಅಂತರ ಅರ್ಧದಷ್ಟು ಕಡಿಮೆಯಾಯಿತೆಂದೇ ತಿಳಿಯಿರಿ. ಈ ಲೆಕ್ಕವನ್ನು ಮೊದಲೇ ಮಾಡಿಕೊಳ್ಳದೆ ಹಂತ ಹಂತವಾಗಿ ಹೋದವರು ಎರಡು ಬಾರಿ ಹಣ ತೆರುತ್ತಾರೆ.

ಎಲ್‌ಎಸ್3

1997ರ ಕಾರ್ವೆಟ್‌ನೊಂದಿಗೆ ಬಂದ ಎಲ್‌ಎಸ್1 ಸ್ಮಾಲ್ ಬ್ಲಾಕ್‌ನ ಹೊಸ ಪೀಳಿಗೆಯನ್ನು ಆರಂಭಿಸಿತು. ಅದೇ ಸಾಲಿನ ಎಲ್‌ಎಸ್3 2008ರ ಕಾರ್ವೆಟ್‌ನಲ್ಲಿ ಕಾಣಿಸಿಕೊಂಡಿತು: 6.2 ಲೀಟರ್, ಅಲ್ಯೂಮಿನಿಯಂ ಬ್ಲಾಕ್, 430 ಅಶ್ವಶಕ್ತಿ. ಕ್ಯಾಮ್ ಇನ್ನೂ ಬ್ಲಾಕ್‌ನ ನಡುವೆಯೇ ಇರುವುದರಿಂದ ಹೊರ ಅಳತೆಯಲ್ಲಿ ಇದು ಚಿಕ್ಕದು. ಎರಕದ ಕಬ್ಬಿಣದ ಹಳೆಯ 350ಕ್ಕಿಂತ ಸುಮಾರು 60 ರಿಂದ 70 ಕಿಲೋ ಹಗುರ, ಆ ತೂಕ ಇಳಿಯುವುದು ಮುಂದಿನ ಚಕ್ರಗಳ ಮೇಲಿಂದ. ಸ್ಟಿಯರಿಂಗ್ ಹಿಡಿದ ಕೈಗೆ ಇದು ಕೂಡಲೇ ತಿಳಿಯುತ್ತದೆ.

ಅಂಕಿಯಲ್ಲಿ ನೋಡಿದರೆ ಝಡ್‌ಝಡ್6ಕ್ಕೂ ಎಲ್‌ಎಸ್3ಕ್ಕೂ 25 ಅಶ್ವಶಕ್ತಿಯಷ್ಟೇ ವ್ಯತ್ಯಾಸ. ಅಷ್ಟಕ್ಕೆ ಇಷ್ಟು ಹಣವೇ ಎಂದು ಕೇಳುವವರಿದ್ದಾರೆ. ಅವರು ಗಮನಿಸಬೇಕಾದದ್ದು ಬೇರೆಯೇ ಇದೆ. ಎಲ್‌ಎಸ್3ರಲ್ಲಿ ಡಿಸ್ಟ್ರಿಬ್ಯೂಟರ್ ಇಲ್ಲ, ಪ್ರತಿ ಸಿಲಿಂಡರ್‌ಗೂ ಅದರದೇ ಕಾಯಿಲ್, ಪ್ರತಿ ಸಿಲಿಂಡರ್‌ಗೂ ಅದರದೇ ಇಂಜೆಕ್ಟರ್. ಚಳಿಗಾಲದ ಬೆಳಗ್ಗೆ ಕೀಲಿ ತಿರುಗಿಸಿದರೆ ಚಾಲೂ, ಬೆಟ್ಟ ಹತ್ತಿದರೂ ಅದೇ ನಡೆ, ಸಿಗ್ನಲ್‌ನಲ್ಲಿ ನಿಂತರೆ ಶಾಂತವಾದ ಐಡ್ಲಿಂಗ್. 405 ಅಶ್ವಶಕ್ತಿಯ ಹಳೆಯ ವಿನ್ಯಾಸ ಆ ಶಕ್ತಿಯನ್ನು ಕೊಡುವುದಕ್ಕೆ ಸೌಮ್ಯತೆಯನ್ನು ಬಿಟ್ಟುಕೊಡುತ್ತದೆ, ಎಲ್‌ಎಸ್3 ಬಿಟ್ಟುಕೊಡುವುದಿಲ್ಲ. ದಿನವೂ ಓಡಿಸುವ ಕಾರಿನಲ್ಲಿ ಈ ಗುಣಕ್ಕೆ ನಾನು ಗರಿಷ್ಠ ಅಶ್ವಶಕ್ತಿಗಿಂತ ಹೆಚ್ಚು ಬೆಲೆ ಕೊಡುತ್ತೇನೆ.

ಇದಕ್ಕೆ ತೆರಬೇಕಾದ ಶ್ರಮವನ್ನೂ ಸರಿಯಾಗಿ ಹೇಳಬೇಕು. ಬ್ಲಾಕ್‌ನ ಬದಿಯ ಬೋಲ್ಟ್‌ಗಳು ಹಳೆಯ ಮೌಂಟ್‌ಗೆ ಹೊಂದುವುದಿಲ್ಲವಾದ್ದರಿಂದ ಅಡಾಪ್ಟರ್ ಪ್ಲೇಟ್ ಬೇಕು. ಆ ಪ್ಲೇಟ್ ಎಂಜಿನ್ನನ್ನು ಎಷ್ಟು ಮುಂದಕ್ಕೆ ಅಥವಾ ಹಿಂದಕ್ಕೆ ಇಡುತ್ತದೆ ಎಂಬುದರ ಮೇಲೆ ಆಯಿಲ್ ಪ್ಯಾನ್, ಹೆಡರ್ (ಸಿಲಿಂಡರ್‌ಗಳಿಂದ ಹೊಗೆಯನ್ನು ಒಯ್ಯುವ ಕೊಳವೆಗಳು), ಗೇರ್‌ಬಾಕ್ಸ್‌ನ ಅಡ್ಡಪಟ್ಟಿ, ಎಲ್ಲದರ ಜಾಗವೂ ನಿಂತಿದೆ. ಕಾರ್ವೆಟ್‌ನ ಆಯಿಲ್ ಪ್ಯಾನ್ ಶೆವೆಲ್‌ನ ಚಾಸಿಗೆ ತೀರ ಅಗಲ, ಪಿಕಪ್ ಟ್ರಕ್‌ನದು ತೀರ ಆಳ, ರಸ್ತೆಯ ಉಬ್ಬಿಗೆ ತಾಗುವಷ್ಟು ಜೋತುಬೀಳುತ್ತದೆ. ಇಂಥ ಬದಲಾವಣೆಗೆಂದೇ ಮಾಡಿದ ಪ್ಯಾನ್ ಕೊಳ್ಳುವುದು ಅನಿವಾರ್ಯ. ಟ್ರಕ್ ಎಂಜಿನ್‌ಗಳ ಏಸಿ ಕಂಪ್ರೆಸರ್ ಕೆಳಗಿರುವುದರಿಂದ ಚಾಸಿಯ ತೊಲೆಗೆ ಬಡಿಯುತ್ತದೆ. ಸಿಲಿಂಡರ್ ಹೆಡ್‌ಗಳಿಂದ ಹೊರಡುವ ಸಣ್ಣ ಆವಿಯ ಕೊಳವೆಯನ್ನು ರೇಡಿಯೇಟರ್‌ನ ಮೇಲ್ಭಾಗಕ್ಕೋ ಕೂಲೆಂಟ್ ಟ್ಯಾಂಕಿಗೋ ಜೋಡಿಸದೆ ಮುಚ್ಚಿಬಿಟ್ಟರೆ ಹೆಡ್‌ನೊಳಗೆ ಆವಿ ಸೇರಿಕೊಂಡು ಒಂದೆಡೆ ವಿಪರೀತ ಕಾಯುತ್ತದೆ. ಈ ಚಿಕ್ಕ ಕೊಳವೆಯನ್ನು ಕಡೆಗಣಿಸಬೇಡಿ. ಆ್ಯಕ್ಸಿಲರೇಟರ್ ಪೆಡಲ್ ಕೂಡ ವಿದ್ಯುನ್ಮಾನದ್ದಾಗಿರುವುದರಿಂದ ಹಳೆಯ ಪೆಡಲ್ ತೆಗೆದು ಹೊಸದನ್ನು ಬಲ್ಕ್‌ಹೆಡ್‌ಗೆ ಕೂರಿಸಬೇಕು. ಕಂಪ್ಯೂಟರ್ ಮತ್ತು ವೈರಿಂಗ್ ಹಾರ್ನೆಸ್ ಅನ್ನು ಶೆವರ್ಲೆಯ ಬಿಡಿಭಾಗ ವಿಭಾಗವಾದ ಶೆವರ್ಲೆ ಪರ್ಫಾರ್ಮೆನ್ಸ್ ಕಿಟ್ ರೂಪದಲ್ಲಿ ಕೊಡುತ್ತದೆ, ಬೇರೆ ಎಲ್ಲಿಂದಲೋ ತಂದು ಬೆಸೆಯುವುದಕ್ಕಿಂತ ಅದನ್ನು ಕೊಳ್ಳುವುದು ಲೇಸು. ಎಂಜಿನ್ನಿಗೆ ಕೊಟ್ಟ ಹಣದಷ್ಟೇ ಮೊತ್ತವನ್ನು ಈ ಉಳಿದ ಭಾಗಗಳಿಗಾಗಿ ಎತ್ತಿಟ್ಟುಕೊಂಡರೆ ನಡುದಾರಿಯಲ್ಲಿ ಕೆಲಸ ನಿಲ್ಲುವುದಿಲ್ಲ.

ಹಳೆಯ ಪಿಕಪ್‌ಗಳಿಂದ ತೆಗೆದ 5.3 ಲೀಟರ್‌ನ ಕಬ್ಬಿಣದ ಬ್ಲಾಕ್ ಇದೇ ಕುಟುಂಬದ್ದು, ಬೆಲೆ ತುಂಬ ಕಡಿಮೆ. ಎಂಜಿನ್ ಬಿಚ್ಚಿ ನೋಡಬಲ್ಲವರಿಗೆ ಅದು ಒಳ್ಳೆಯ ಆಯ್ಕೆ. ಆದರೆ ಹೊಸ ಕ್ರೇಟ್ ಎಂಜಿನ್ನಿಗೆ ಶೆವರ್ಲೆ ಕೊಡುವ 24 ತಿಂಗಳು ಅಥವಾ 50,000 ಮೈಲಿಯ ವಾರಂಟಿ ಅದಕ್ಕಿಲ್ಲ, ಮತ್ತು ಮೌಂಟ್, ಪ್ಯಾನ್, ಟ್ಯಾಂಕ್, ವೈರಿಂಗ್‌ಗಳ ಖರ್ಚು ಒಂದು ಕಾಸೂ ಕಡಿಮೆಯಾಗುವುದಿಲ್ಲ.

ಎಲ್‌ಟಿ1 ಮತ್ತು ವಿದ್ಯುತ್ ಮೋಟಾರು

2014ರ ಕಾರ್ವೆಟ್‌ನ ಎಲ್‌ಟಿ1 ಇನ್ನೊಂದು ಹೆಜ್ಜೆ ಮುಂದೆ: 6.2 ಲೀಟರ್, ಸುಮಾರು 460 ಅಶ್ವಶಕ್ತಿ, ಪೆಟ್ರೋಲನ್ನು ನೇರ ಸಿಲಿಂಡರ್‌ನೊಳಕ್ಕೇ ಸಿಂಪಡಿಸುವ ವ್ಯವಸ್ಥೆ. ಟ್ಯಾಂಕಿನ ಪಂಪ್ ಅಲ್ಲದೆ ಕ್ಯಾಮ್‌ನಿಂದ ಓಡುವ ಎರಡನೆಯ ಪಂಪ್ ಒಂದಿದ್ದು, ಅದು 150 ಬಾರ್‌ನಷ್ಟು ಒತ್ತಡವನ್ನು ಕಟ್ಟುತ್ತದೆ. ಇವೆರಡನ್ನೂ ಸರಿದೂಗಿಸುವ ವಿದ್ಯುನ್ಮಾನ ನಿಯಂತ್ರಣ ಬೇಕು. ಶೆವೆಲ್‌ಗೆ ಸಿಗುವ ಹೆಡರ್, ಪ್ಯಾನ್, ಬ್ರ್ಯಾಕೆಟ್‌ಗಳ ಆಯ್ಕೆ ಎಲ್‌ಎಸ್‌ಗೆ ಇರುವಷ್ಟು ವಿಶಾಲವಾಗಿಲ್ಲ, ಇದರ ಒಳಹೊರಗು ಬಲ್ಲ ಮೆಕ್ಯಾನಿಕ್‌ಗಳೂ ಕಡಿಮೆ. ಎಲ್‌ಎಸ್3ಕ್ಕಿಂತ ಸಿಗುವ ಲಾಭ ಈ ತೊಡಕಿಗೆ ಸಾಟಿಯಲ್ಲ ಎನ್ನುವುದು ನನ್ನ ನಿಲುವು. ಚಾಸಿಯನ್ನೂ ಪೂರ್ತಿ ಹೊಸದು ಮಾಡಿಸುತ್ತಿರುವವರು ಮಾತ್ರ ಇದನ್ನು ಪರಿಗಣಿಸಬಹುದು.

ವಿದ್ಯುತ್ತಿನ ಮಾತೂ ಬಂದಿದೆ. ಅಮೆರಿಕದ ಕಾರು ಬಿಡಿಭಾಗ ಉದ್ಯಮದವರ 2020ರ ಸೆಮಾ ಪ್ರದರ್ಶನಕ್ಕಾಗಿ ಶೆವರ್ಲೆ 1977ರ ಕೆ5 ಬ್ಲೇಜರ್ ಒಂದಕ್ಕೆ ತನ್ನ ಬೋಲ್ಟ್ ಕಾರಿನ ಮೋಟಾರು ಮತ್ತು 60 ಕಿಲೋವಾಟ್-ಗಂಟೆಯ ಬ್ಯಾಟರಿ ಕೂರಿಸಿ ತೋರಿಸಿತು. 2021ರಲ್ಲಿ ಫೋರ್ಡ್ 281 ಅಶ್ವಶಕ್ತಿಯ ಎಲುಮಿನೇಟರ್ ಮೋಟಾರನ್ನು ಮಾರಾಟಕ್ಕಿಟ್ಟಿತು. ಆದರೆ ಅದರಲ್ಲಿ ಬರುತ್ತಿದ್ದುದು ಮೋಟಾರು ಮಾತ್ರ. ಬ್ಯಾಟರಿ, ಇನ್ವರ್ಟರ್, ನಿಯಂತ್ರಕಗಳನ್ನು ಕೊಳ್ಳುವವರೇ ಹೊಂದಿಸಿಕೊಳ್ಳಬೇಕಿತ್ತು. ಬ್ಯಾಟರಿಯ ತೂಕವನ್ನು ಹಳೆಯ ಚಾಸಿಯಲ್ಲಿ ಎಲ್ಲಿ ಹಂಚುವುದು, ಅಪಘಾತದಲ್ಲಿ ಅದನ್ನು ಹೇಗೆ ಕಾಪಾಡುವುದು ಎಂಬುದನ್ನು ಪರಿಣತರ ನೆರವಿಲ್ಲದೆ ಮನೆಯ ಗರಾಜಿನಲ್ಲಿ ತೀರ್ಮಾನಿಸಬಾರದು. ಆದ್ದರಿಂದ ಇದನ್ನು ಉಳಿದವುಗಳ ಸಾಲಿನಲ್ಲಿಟ್ಟು ಹೋಲಿಸುವುದಿಲ್ಲ.

ಗೇರ್‌ಬಾಕ್ಸ್ ಮತ್ತು ಉಳಿದ ಕಾರು

ಹಳೆಯ ಶೆವೆಲ್‌ನ ಹೆದ್ದಾರಿ ಪ್ರಯಾಣವನ್ನು ದಣಿವಿನದಾಗಿ ಮಾಡುವುದು ಅದರ ಎಂಜಿನ್ನಿಗಿಂತ ಹೆಚ್ಚಾಗಿ ಓವರ್‌ಡ್ರೈವ್ (ಹೆದ್ದಾರಿಯ ವೇಗದಲ್ಲಿ ಎಂಜಿನ್ ನಿಧಾನವಾಗಿ ತಿರುಗಲು ಬಿಡುವ ಕೊನೆಯ ಗೇರ್) ಇಲ್ಲದ ಗೇರ್‌ಬಾಕ್ಸ್. 3.31ರ ಆ್ಯಕ್ಸಲ್, 26 ಇಂಚು ವ್ಯಾಸದ ಟೈರ್ ಇರುವ ಕಾರಿನಲ್ಲಿ ಗಂಟೆಗೆ 70 ಮೈಲಿ ವೇಗಕ್ಕೆ ಎಂಜಿನ್ ನಿಮಿಷಕ್ಕೆ ಸುಮಾರು 3,000 ಸುತ್ತು ತಿರುಗುತ್ತದೆ. ಕೊನೆಯ ಗೇರಿನ ಅನುಪಾತ 0.70 ಇರುವ ನಾಲ್ಕು ಗೇರಿನ ಆಟೊಮ್ಯಾಟಿಕ್ ಹಾಕಿದರೆ ಅದೇ ವೇಗಕ್ಕೆ 2,100 ಸಾಕು. ಸದ್ದು, ಬಿಸಿ, ಪೆಟ್ರೋಲ್ ಮೂರೂ ಇಳಿಯುತ್ತವೆ. ಬಜೆಟ್ ಬಿಗಿಯಾಗಿದ್ದರೆ ಝಡ್‌ಝಡ್6 ಮತ್ತು ಪವರ್‌ಗ್ಲೈಡ್ ಜೋಡಿಗಿಂತ ಎಸ್‌ಪಿ350 ಮತ್ತು ಓವರ್‌ಡ್ರೈವ್ ಜೋಡಿಯನ್ನು ಕಣ್ಣುಮುಚ್ಚಿ ಆರಿಸಿ.

ಕಾರ್ಬ್ಯುರೇಟರ್ ಇರುವವರಿಗೆ 700ಆರ್4 ಅಥವಾ 200-4ಆರ್ ಎಂಬ, ಯಾಂತ್ರಿಕವಾಗಿ ನಡೆಯುವ ನಾಲ್ಕು ಗೇರಿನ ಆಟೊಮ್ಯಾಟಿಕ್ ಗೇರ್‌ಬಾಕ್ಸ್‌ಗಳು ಹೊಂದುತ್ತವೆ. ಇವಕ್ಕೆ ಕಂಪ್ಯೂಟರ್ ಬೇಡ. ಒಂದೇ ಎಚ್ಚರಿಕೆ: ಕಾರ್ಬ್ಯುರೇಟರ್‌ನಿಂದ ಗೇರ್‌ಬಾಕ್ಸ್‌ಗೆ ಹೋಗುವ ಟಿವಿ (ಥ್ರಾಟಲ್ ವಾಲ್ವ್) ಕೇಬಲ್ ಒಳಗಿನ ಎಣ್ಣೆಯ ಒತ್ತಡವನ್ನು ನಿರ್ಧರಿಸುತ್ತದೆ. ಅದರ ಎಳೆತ ತಪ್ಪಿದ್ದರೆ ಕ್ಲಚ್‌ಗಳು ಜಾರಿ, ಹೊಸದಾಗಿ ಕಟ್ಟಿಸಿದ ಗೇರ್‌ಬಾಕ್ಸ್ ಕೂಡ ಕೆಲವೇ ದಿನಗಳಲ್ಲಿ ಸುಟ್ಟುಹೋಗುತ್ತದೆ. ಎಲ್‌ಎಸ್3ಕ್ಕೆ ಅದೇ ಕಂಪ್ಯೂಟರ್ ವ್ಯವಸ್ಥೆಯೊಂದಿಗೆ ಮಾತನಾಡುವ ನಾಲ್ಕು ಗೇರಿನ ಆಟೊಮ್ಯಾಟಿಕ್ 4ಎಲ್‌70ಇ ಸಹಜ ಜೊತೆ. ಕೈಯಲ್ಲೇ ಗೇರ್ ಹಾಕಬೇಕೆನ್ನುವವರಿಗೆ ಟ್ರೆಮೆಕ್‌ನ ಐದು ಗೇರಿನ ಟಿಕೆಎಕ್ಸ್ ಎರಡೂ ವಂಶಗಳ ಎಂಜಿನ್ನಿಗೂ ಆಗುತ್ತದೆ. ಹಳೆಯ ಸ್ಪೀಡೊಮೀಟರ್‌ನ ಕೇಬಲ್ ಸಿಕ್ಕಿಸುವ ಜಾಗ ಅದರಲ್ಲಿರುವುದು ಡ್ಯಾಶ್‌ಬೋರ್ಡನ್ನು ಹಾಗೆಯೇ ಉಳಿಸಿಕೊಳ್ಳಬೇಕೆನ್ನುವವರಿಗೆ ದೊಡ್ಡ ಸಮಾಧಾನ. ಎಲ್‌ಎಸ್ ಎಂಜಿನ್ನಿಗೆ ಮೂರು ಗೇರಿನ ಹಳೆಯ ಆಟೊಮ್ಯಾಟಿಕ್ ಟಿಎಚ್350ನ್ನೇ ಜೋಡಿಸುತ್ತೇನೆನ್ನುವವರು, ಎಲ್‌ಎಸ್ ಕ್ರ್ಯಾಂಕ್‌ನ ಹಿಂತುದಿ ಹಳೆಯ ಎಂಜಿನ್ನಿಗಿಂತ ಸುಮಾರು 0.4 ಇಂಚು ಒಳಕ್ಕಿರುವುದರಿಂದ ನಡುವೆ ಸ್ಪೇಸರ್ ಬೇಕೆಂಬುದನ್ನು ನೆನಪಿಡಬೇಕು.

ಬ್ರೇಕ್ ವಿಷಯದಲ್ಲಿ ಚೌಕಾಸಿಗೆ ಜಾಗವೇ ಇಲ್ಲ. 307ರ ಮಾಲಿಬುಗಳಲ್ಲಿ ಹಲವಕ್ಕೆ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್ ಇತ್ತು. ಅದರ ಮೇಲೆ 400 ಅಶ್ವಶಕ್ತಿ ಹೇರುವುದು ಅಪಾಯ. ಕನಿಷ್ಠ ಮುಂದಿನ ಎರಡು ಚಕ್ರಗಳಿಗಾದರೂ ಡಿಸ್ಕ್ ಬ್ರೇಕ್ ಹಾಕಿಸದೆ ಹೊಸ ಎಂಜಿನ್ನನ್ನು ರಸ್ತೆಗೆ ಇಳಿಸಬೇಡಿ. ಹಿಂದಿನ ಹತ್ತು ಬೋಲ್ಟಿನ ಆ್ಯಕ್ಸಲ್ ಸೌಮ್ಯವಾಗಿ ಓಡಿಸಿದರೆ ಬಾಳುತ್ತದೆ, ಅಗಲದ ಟೈರ್ ಹಾಕಿ ಜಿಗಿಸಿದರೆ ಬಾಳುವುದಿಲ್ಲ. ಆಗ ಹನ್ನೆರಡು ಬೋಲ್ಟಿನದಕ್ಕೆ ಹೋಗಬೇಕು. ಮೂಲ 37 ಆಂಪಿಯರ್ ಆಲ್ಟರ್ನೇಟರ್‌ಗೆ ಇಂಜೆಕ್ಷನ್, ಇಂಧನ ಪಂಪ್, ವಿದ್ಯುತ್ ಫ್ಯಾನ್ ಮೂರನ್ನೂ ಹೊರುವ ಶಕ್ತಿಯಿಲ್ಲ. ಬಾಡಿ ಮತ್ತು ಚಾಸಿಯ ನಡುವೆ ರಬ್ಬರ್ ಇರುವುದರಿಂದ ಎಂಜಿನ್, ಚಾಸಿ, ಬಾಡಿ ಮೂರನ್ನೂ ದಪ್ಪ ಅರ್ತ್ ಪಟ್ಟಿಗಳಿಂದ ಬೆಸೆಯಬೇಕು. ಕಾರಣ ತಿಳಿಯದ ಅನೇಕ ವಿದ್ಯುತ್ ದೋಷಗಳು ಈ ಒಂದು ಪಟ್ಟಿಯಿಂದ ಮಾಯವಾಗುತ್ತವೆ.

ಕಾನೂನು

ಕ್ಯಾಲಿಫೋರ್ನಿಯದಲ್ಲಿ 1975 ಮತ್ತು ಅದಕ್ಕೆ ಹಿಂದಿನ ಮಾದರಿಯ ಪೆಟ್ರೋಲ್ ಕಾರುಗಳಿಗೆ ನಿಯತಕಾಲಿಕ ಹೊಗೆ ತಪಾಸಣೆಯಿಂದ ವಿನಾಯಿತಿ ಇದೆ. ಆದ್ದರಿಂದ ಬೇ ಏರಿಯಾದಲ್ಲಿರುವ ಕನ್ನಡಿಗರೊಬ್ಬರು 1970ರ ಶೆವೆಲ್ ಕೊಂಡರೆ ಅವರ ಆಯ್ಕೆ ಬಹುಮಟ್ಟಿಗೆ ಮುಕ್ತವಾಗಿರುತ್ತದೆ. ಅದೇ ಅವರು 1978ರ ಮಾಲಿಬು ಕೊಂಡರೆ ನಿಯಮವೇ ಬೇರೆ. ಕೂರಿಸುವ ಎಂಜಿನ್ ಕಾರಿನ ವರ್ಷದ್ದೋ ಅದಕ್ಕಿಂತ ಹೊಸದೋ ಆಗಿರಬೇಕು, ಆ ಎಂಜಿನ್ನಿನ ವರ್ಷಕ್ಕೆ ಅನ್ವಯಿಸುವ ಎಲ್ಲ ಹೊಗೆ ನಿಯಂತ್ರಣ ಸಾಧನಗಳೂ ಇರಬೇಕು, ರೆಫರಿ ಎಂಬ ರಾಜ್ಯದ ವಿಶೇಷ ತಪಾಸಣಾ ಕೇಂದ್ರದಲ್ಲಿ ಪರೀಕ್ಷೆ ಆಗಬೇಕು. ಅಂಥವರಿಗಾಗಿಯೇ ಶೆವರ್ಲೆ ಇ-ರಾಡ್ ಹೆಸರಿನಲ್ಲಿ, ಕ್ಯಾಟಲಿಟಿಕ್ ಕನ್ವರ್ಟರ್ ಸಹಿತ, ರಾಜ್ಯದ ಅನುಮೋದನೆ ಪಡೆದ ಎಂಜಿನ್ ಪ್ಯಾಕೇಜ್‌ಗಳನ್ನು ತಂದಿತು. ಬೇರೆ ರಾಜ್ಯಗಳ ನಿಯಮಗಳು ಬೇರೆ ಬೇರೆ. ಎಂಜಿನ್ ತರಿಸುವ ಮುನ್ನ ನಿಮ್ಮ ರಾಜ್ಯದ ಸಾರಿಗೆ ಇಲಾಖೆಯನ್ನು ಕೇಳಿ.

ಬೆಂಗಳೂರು, ಮೈಸೂರುಗಳಲ್ಲಿ ಹಳೆಯ ಕಾರು ಇಟ್ಟುಕೊಂಡವರು ಈ ಬರಹವನ್ನು ಓದಿ ಹಾಗೆಯೇ ಮಾಡಲು ಹೊರಡಬಾರದು. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ತಯಾರಕರು ಮೂಲದಲ್ಲಿ ನಮೂದಿಸಿದ ವಿವರಗಳಿಗೂ ನೋಂದಣಿ ಪತ್ರಕ್ಕೂ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿದಿದೆ. ಜೊತೆಗೆ, 2021ರಲ್ಲಿ ಬಂದ ನಿಯಮಗಳಂತೆ 50 ವರ್ಷ ದಾಟಿದ ವಾಹನಕ್ಕೆ ವಿಂಟೇಜ್ ನೋಂದಣಿ ಸಿಗಬೇಕಾದರೆ ಅದು ಮೂಲ ರೂಪದಲ್ಲೇ ಇರಬೇಕು, ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ನಮ್ಮಲ್ಲಿ ಹಳೆಯ ಕಾರಿನ ಮೂಲ ಎಂಜಿನ್ನನ್ನು ಪುನಃ ಕಟ್ಟಿಸುವುದೇ ಕಾನೂನಿಗೂ ಕಾರಿಗೂ ಒಪ್ಪುವ ದಾರಿ.

ಯಾರಿಗೆ ಯಾವುದು

ರಜಾದಿನಗಳಲ್ಲಿ ಊರ ಸುತ್ತ ಓಡಿಸಿ, ಬಾನೆಟ್ ಎತ್ತಿದಾಗ ಅಂದಿನ ಕಾರಿನಂತೆಯೇ ಕಾಣಬೇಕೆನ್ನುವವರಿಗೆ ಎಸ್‌ಪಿ350, ಕಾರ್ಬ್ಯುರೇಟರ್, 200-4ಆರ್ ಗೇರ್‌ಬಾಕ್ಸ್. ನನ್ನನ್ನು ಕೇಳಿದರೆ, ಶೆವೆಲ್ ಕೊಳ್ಳುವವರಲ್ಲಿ ಹೆಚ್ಚಿನವರ ನಿಜವಾದ ಅಗತ್ಯ ಇಷ್ಟೇ. ವರ್ಷಕ್ಕೆ ಸಾವಿರಾರು ಮೈಲಿ, ಹಲವು ರಾಜ್ಯಗಳನ್ನು ದಾಟಿ, ಚಳಿ ಬಿಸಿಲು ನೋಡದೆ ಓಡಿಸುವವರಿಗೆ ಎಲ್‌ಎಸ್3, 4ಎಲ್‌70ಇ ಮತ್ತು ಹೊಸ ಟ್ಯಾಂಕ್. ಅವರು ಥ್ರಾಟಲ್ ಬಾಡಿಯ ಮಧ್ಯದಾರಿಯಲ್ಲಿ ನಿಲ್ಲದೆ ಒಮ್ಮೆಲೇ ಅಲ್ಲಿಗೆ ಹೋಗುವುದು ಒಳ್ಳೆಯದು. ಈಗಾಗಲೇ ಚೆನ್ನಾಗಿರುವ 350 ಕಾರಿನಲ್ಲಿದ್ದು, ಚಳಿಯಲ್ಲಿ ಚಾಲೂ ಆಗುವುದೊಂದೇ ತೊಂದರೆಯಾಗಿರುವವರಿಗೆ ಥ್ರಾಟಲ್ ಬಾಡಿ ಇಂಜೆಕ್ಷನ್ ತಕ್ಕುದು. ಎಂಜಿನ್ ಬದಲಿಸುವ ಅಗತ್ಯವೇ ಅವರಿಗಿಲ್ಲ.

ಯಾವುದನ್ನೇ ಆರಿಸಿದರೂ ಬ್ರೇಕ್, ಟ್ಯಾಂಕ್, ಗೇರ್‌ಬಾಕ್ಸ್‌ಗಳ ಕೆಲಸ ಮೊದಲು ಮುಗಿಸಿ, ಎಂಜಿನ್ನನ್ನು ಕೊನೆಗೆ ತರಿಸಿ. ವಾರಂಟಿ ಯಾವ ದಿನದಿಂದ ಎಣಿಕೆಯಾಗುತ್ತದೆ ಎಂಬುದನ್ನು ಮಾರಾಟಗಾರರಿಂದ ಬರಹದಲ್ಲಿ ಪಡೆಯಿರಿ. ಪೆಟ್ಟಿಗೆ ಬಂದ ಮೇಲೆ ಹೆಡರ್ ಕೊಳ್ಳಲು ಆತುರಪಡದೆ, ಎಂಜಿನ್ ಮತ್ತು ಗೇರ್‌ಬಾಕ್ಸ್ ಎರಡನ್ನೂ ಜೋಡಿಸಿ ಒಮ್ಮೆ ಚಾಸಿಯ ಮೇಲೆ ಇಳಿಸಿ, ಸ್ಟಿಯರಿಂಗ್ ದಂಡವನ್ನು ಎರಡೂ ಬದಿಗೆ ಪೂರ್ತಿ ತಿರುಗಿಸಿ, ಆಯಿಲ್ ಪ್ಯಾನ್‌ಗೂ ಸ್ಟಿಯರಿಂಗ್‌ನ ಸರಳುಗಳಿಗೂ ನಡುವೆ ಬೆರಳು ತೂರುವಷ್ಟು ಜಾಗ ಉಳಿದಿದೆಯೇ ಎಂದು ನೋಡಿಕೊಂಡೇ ಹೆಡರ್‌ಗಳಿಗೆ ಆರ್ಡರ್ ಕೊಡಿ.